ಮಕ್ಕಳ ಸಾಹಸ ಕಾದಂಬರಿ: ತಯಾರಕರಿಗೂ ಕೊಳ್ಳುವವರಿಗೂ ಸೂಚನೆಗಳು

ಮೊದಲು ಇದನ್ನು ಓದಿ

ಈ ಕೈಪಿಡಿ ಇರುವುದು ಮಕ್ಕಳಿಗಾಗಿ ಸಾಹಸದ, ಮಾಯಾಲೋಕದ ಕಾದಂಬರಿಗಳನ್ನು ಬರೆಯುವ, ಅಚ್ಚು ಹಾಕಿಸುವ, ಹುಟ್ಟುಹಬ್ಬಕ್ಕೆ ಕೊಡಿಸುವ ದೊಡ್ಡವರಿಗೆ. ಮಕ್ಕಳು ಓದಬೇಕಾಗಿಲ್ಲ, ಅವರಿಗೆ ಇದೆಲ್ಲ ಗೊತ್ತೇ ಇದೆ. ತಯಾರಿಸಿದವಳು ಸಾಗರದಲ್ಲಿ ಎಂಟನೇ ತರಗತಿ ಓದುತ್ತಿರುವ ಹುಡುಗಿ. ಅರ್ಹತೆ: ಬಳಕೆದಾರಳು. ಮಿಕ್ಸಿ ಜೊತೆ ಬರುವ ಪುಸ್ತಕವನ್ನು ಮಿಕ್ಸಿ ಮಾಡಿದವರೇ ಬರೆದಿರುತ್ತಾರೆ, ಅದಕ್ಕೇ ಅದನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಇದು ಹಾಗಲ್ಲ.

ಇದನ್ನೆಲ್ಲ ಹೇಳಲು ನಿನಗೇನು ಅಧಿಕಾರ ಎಂದು ಕೇಳುವವರು ಹಳೇ ಕಡತ ತೆಗೆದು ನೋಡಬಹುದು. 1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟಾನ್ಲಿ ಅನ್ವಿನ್ ಅವರ ಹತ್ತಿರ ಟೋಲ್ಕೀನ್ ಎಂಬ ಆಕ್ಸ್‌ಫರ್ಡಿನ ಮೇಷ್ಟ್ರೊಬ್ಬರ ಹಸ್ತಪ್ರತಿ ಬಂತು. ಅದನ್ನು ಅವರು ಹತ್ತು ವರ್ಷದ ಮಗ ರೇನರ್ ಕೈಗೆ ಕೊಟ್ಟರು. ಓದಿ ವರದಿ ಬರೆದುಕೊಟ್ಟರೆ ಒಂದು ಶಿಲಿಂಗ್. ಹುಡುಗ ಬರೆದುಕೊಟ್ಟ: ನಕ್ಷೆಗಳಿವೆ, ಆದ್ದರಿಂದ ಚಿತ್ರಗಳು ಬೇಕಾಗಿಲ್ಲ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಇಷ್ಟವಾಗುತ್ತದೆ. ಮುಂದಿನ ವರ್ಷ 'ದಿ ಹಾಬಿಟ್' ಹೊರಬಂತು. ವರದಿ ಬರೆದವನಿಗೆ ಹತ್ತು ವರ್ಷ, ಶಿಫಾರಸು ಒಂಬತ್ತಕ್ಕೇ ನಿಂತಿದೆ, ಗಮನಿಸಿ. ತನಗೆ ಹಿಡಿಸಿದ್ದನ್ನು ಚಿಕ್ಕವರ ಲೆಕ್ಕಕ್ಕೆ ಬರೆದು ಮರ್ಯಾದೆ ಉಳಿಸಿಕೊಂಡಿದ್ದಾನೆ. ನಾನೂ ಬಾಲಮಂಗಳದ ಹಳೇ ಸಂಚಿಕೆಗಳನ್ನು ತಮ್ಮನಿಗೆ ಅಂತಲೇ ತರುವುದು.

ಅದೇ ರೇನರ್ ದೊಡ್ಡವನಾಗಿ ಅಪ್ಪನ ಸಂಸ್ಥೆ ಸೇರಿದ ಮೇಲೆ ಟೋಲ್ಕೀನರ ಮುಂದಿನ ದೊಡ್ಡ ಪುಸ್ತಕದ ಹಸ್ತಪ್ರತಿಯನ್ನೂ ಓದಿದ. ಇದನ್ನು ತಂದರೆ ಸಾವಿರ ಪೌಂಡ್ ಹೋದರೂ ಹೋಗಬಹುದು ಎಂದು ಅಪ್ಪನಿಗೆ ಬರೆದ. ಇದು ಅಸಾಮಾನ್ಯ ಕೃತಿ ಎಂದು ನಿನಗೆ ಅನ್ನಿಸಿದ್ದರೆ ಹೋಗಲಿ ಎಂದು ಅಪ್ಪ ಒಪ್ಪಿದರು. 1954ರಿಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರತೊಡಗಿತು. ಆಮೇಲೆ ಬಂದ ಹ್ಯಾರಿ ಪಾಟರ್ ಕಥೆಯೂ ಇಂಥದ್ದೇ. ಹಲವು ಪ್ರಕಾಶಕರು ಬೇಡವೆಂದಿದ್ದ ಹಸ್ತಪ್ರತಿಯ ಮೊದಲ ಅಧ್ಯಾಯವನ್ನು ಬ್ಲೂಮ್ಸ್‌ಬರಿಯ ಮುಖ್ಯಸ್ಥರು ತಮ್ಮ ಎಂಟು ವರ್ಷದ ಮಗಳಿಗೆ ಕೊಟ್ಟರು, ಅವಳು ಓದಿ ಮುಗಿಸಿ ಉಳಿದದ್ದೆಲ್ಲಿ ಎಂದು ಬೆನ್ನು ಹತ್ತಿದಳು. ಇಷ್ಟಾದರೂ ದೊಡ್ಡವರಿಗೆ ಪೂರ್ತಿ ಧೈರ್ಯ ಬಂದಿರಲಿಲ್ಲ. 1997ರಲ್ಲಿ ರಟ್ಟು ಹೊದಿಕೆಯ ಮೊದಲ ಮುದ್ರಣಕ್ಕೆ ಹಾಕಿಸಿದ್ದು ಐನೂರೇ ಪ್ರತಿ.

ತಪಾಸಣಾ ವಿಭಾಗ ಯಾರ ಕೈಯಲ್ಲಿದೆ ಎಂಬುದು ಇಷ್ಟರಲ್ಲಿ ತಿಳಿದಿರಬೇಕು. ಮುಂದಕ್ಕೆ ಹೋಗೋಣ.

ನಕ್ಷೆ

ಮೊದಲು ನಕ್ಷೆ ಬರೆಯತಕ್ಕದ್ದು. ಕಥೆ ಆಮೇಲೆ. 1881ರ ಮಳೆಗಾಲದಂಥ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಲ್ಲಿ ಮನೆಯೊಳಗೇ ಕೂತಿದ್ದ ಸ್ಟೀವನ್ಸನ್, ಮಲಮಗನ ಜೊತೆ ಬಣ್ಣ ಬಳಿಯುತ್ತಾ ದ್ವೀಪವೊಂದರ ನಕ್ಷೆ ಮಾಡಿದರು. ಆ ಹುಡುಗ ಹೆಚ್ಚು ಕಡಿಮೆ ನನ್ನ ವಯಸ್ಸಿನವನೇ. ನಕ್ಷೆಯಲ್ಲಿದ್ದ ಕೊಲ್ಲಿ, ಗುಡ್ಡ, ಮರಗಳ ನಡುವಿಂದಲೇ 'ಟ್ರೆಷರ್ ಐಲ್ಯಾಂಡ್' ಹುಟ್ಟಿತು. ಮುಂದೆ 1883ರಲ್ಲಿ ಪುಸ್ತಕವಾಗುವ ಹೊತ್ತಿಗೆ ಪ್ರಕಾಶಕರಿಗೆ ಕಳಿಸಿದ ಮೂಲ ನಕ್ಷೆ ಕಳೆದೇ ಹೋಯಿತು. ಪಾಪ, ತಮ್ಮದೇ ಕಥೆಯನ್ನು ಮತ್ತೆ ಓದಿ, ಅದರಲ್ಲಿ ಹೇಳಿದ್ದಕ್ಕೆಲ್ಲ ಹೊಂದುವಂತೆ ಹೊಸ ನಕ್ಷೆ ಮಾಡಿಸಬೇಕಾಯಿತು. ಅದು ತಮ್ಮ ದ್ವೀಪ ಅಂತ ಅವರಿಗೆ ಕೊನೆಯವರೆಗೂ ಅನ್ನಿಸಲಿಲ್ಲವಂತೆ.

ಮುದ್ರಕರಿಗೆ ಸೂಚನೆ: ನಕ್ಷೆಯನ್ನು ಎದುರುಬದುರು ಪುಟಗಳಲ್ಲಿ ಹರಡಿ, ನಿಧಿ ಇರುವ ಜಾಗವನ್ನು ಸರಿಯಾಗಿ ಹೊಲಿಗೆಯೊಳಗೆ ನುಗ್ಗಿಸಬಾರದು. ಪುಸ್ತಕದ ಬೆನ್ನು ಮುರಿದವಳು ಎಂದು ಗ್ರಂಥಾಲಯದಲ್ಲಿ ಬೈಗುಳ ತಿನ್ನುವವರು ನಾವು.

'ಟ್ರೆಷರ್ ಐಲ್ಯಾಂಡ್' ವಿಷಯದಲ್ಲೇ ತಪಾಸಣಾ ವಿಭಾಗ ಅಡ್ಡದಾರಿ ಹಿಡಿದದ್ದೂ ಉಂಟು. ಕಥೆಯಲ್ಲಿ ಹೆಂಗಸರು ಬೇಡ ಅಂತ ಆ ಹುಡುಗ ಷರತ್ತು ಹಾಕಿದ್ದ, ಸ್ಟೀವನ್ಸನ್ ಕೇಳಿಬಿಟ್ಟರು. ಕೇಳಬಾರದಿತ್ತು. ಷರತ್ತಿನಿಂದ ತಪ್ಪಿಸಿಕೊಂಡು ಉಳಿದವಳೆಂದರೆ ನಾಯಕ ಜಿಮ್‌ನ ಅಮ್ಮ. ಕಡಲ್ಗಳ್ಳರು ಬರುತ್ತಿದ್ದಾರೆ, ಹೊರಗೆ ಕುರುಡನ ಕೋಲಿನ ಸದ್ದು, ಆ ಹೊತ್ತಿನಲ್ಲಿ ಇವಳು ಸತ್ತ ನಾವಿಕನ ಪೆಟ್ಟಿಗೆ ತೆಗೆದು ಛತ್ರದ ಬಾಕಿ ಎಷ್ಟೋ ಅಷ್ಟೇ ನಾಣ್ಯ ಎಣಿಸುತ್ತಿದ್ದಾಳೆ. ಒಂದು ಕಾಸು ಹೆಚ್ಚು ಬೇಡ, ಕಡಿಮೆಯೂ ಬೇಡ. ಇಡೀ ಪುಸ್ತಕದಲ್ಲಿ ನಿಜವಾಗಿ ಹೆದರದವಳು ಅವಳೊಬ್ಬಳೇ ಅಂತ ನನ್ನ ಲೆಕ್ಕ. ಅವಳನ್ನು ಹಡಗು ಹತ್ತಿಸಿದ್ದರೆ ಆ ನಿಧಿಗೊಂದು ಸರಿಯಾದ ಜಮಾಖರ್ಚಾದರೂ ಇರುತ್ತಿತ್ತು.

ದೊಡ್ಡವರನ್ನು ಸಾಗಿಸುವುದು

ಅಪ್ಪ ಅಮ್ಮ ಪಕ್ಕದ ಕೋಣೆಯಲ್ಲಿದ್ದರೆ ಸಾಹಸ ಆಗುವುದಿಲ್ಲ. ಇದಕ್ಕೆ ಇಂಗ್ಲಿಷಿನವರು ಕಂಡುಕೊಂಡ ದಾರಿಗಳು ಹಲವು. ಹ್ಯಾರಿ ಪಾಟರ್‌ನ ಅಪ್ಪ ಅಮ್ಮ ಮೊದಲೇ ಸತ್ತಿರುತ್ತಾರೆ, ಇದು ಸುಲಭದ ದಾರಿ, ಆದ್ದರಿಂದ ಎಲ್ಲರೂ ಮಾಡುತ್ತಾರೆ. ನಾರ್ನಿಯಾದಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದೆ ಎಂದು ನಾಲ್ಕು ಮಕ್ಕಳನ್ನು ಹಳ್ಳಿಯ ಪ್ರೊಫೆಸರ್ ಮನೆಗೆ ಕಳಿಸುತ್ತಾರೆ, ಅದು ಆ ಯುದ್ಧಕಾಲದಲ್ಲಿ ನಿಜವಾಗಿ ನಡೆದದ್ದೇ. ಎನಿಡ್ ಬ್ಲೈಟನ್ ಮಾತ್ರ ಯಾರನ್ನೂ ಕೊಲ್ಲುವುದಿಲ್ಲ. ಅವರ 'ಫೇಮಸ್ ಫೈವ್' ಸರಣಿಯಲ್ಲಿ ಕ್ವೆಂಟಿನ್ ಅಂಕಲ್‌ಗೆ ವಿಜ್ಞಾನದ ಕೆಲಸ, ಗಲಾಟೆ ಆಗಬಾರದು, ಫ್ಯಾನಿ ಆಂಟಿ ಬುತ್ತಿ ಕಟ್ಟಿಕೊಡುತ್ತಾರೆ, ಹೋಗಿ ದ್ವೀಪದಲ್ಲಿ ಮಲಗಿ ಬನ್ನಿ ಎನ್ನುತ್ತಾರೆ. 1942ರಿಂದ 1963ರವರೆಗೆ ಇಪ್ಪತ್ತೊಂದು ಕಾದಂಬರಿ ಹೀಗೇ ನಡೆದುಹೋಯಿತು.

ಕನ್ನಡದಲ್ಲಿ ಬರೆಯುವವರು ಇದನ್ನು ಹಾಗೇ ಎತ್ತಿ ಇಲ್ಲಿ ಇಡಬಾರದು, ಕೆಲಸ ಮಾಡುವುದಿಲ್ಲ. ರಜೆಗೆ ಮಕ್ಕಳನ್ನು ಅಜ್ಜಿಮನೆಗೆ ಕಳಿಸಿದೆ ಅಂತ ಬರೆದು ಸಮಸ್ಯೆ ಬಗೆಹರಿಯಿತು ಎಂದುಕೊಳ್ಳುತ್ತೀರಿ. ಅಜ್ಜಿಮನೆಯಲ್ಲಿ ದೊಡ್ಡವರು ಇನ್ನೂ ಜಾಸ್ತಿ. ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪ, ತವರಿಗೆ ಬಂದ ಅತ್ತೆ, ಅಡಿಕೆ ಕೊನೆಗೌಡನ ಲೆಕ್ಕ ನೋಡಲು ಬಂದು ಊಟಕ್ಕೆ ಉಳಿದ ಯಾರೋ ಒಬ್ಬರು. ಇವರೆಲ್ಲರ ಕಣ್ಣು ತಪ್ಪಿಸಿ ರಸ್ತೆಗೆ ಬಿದ್ದರೂ ಮೊದಲ ತಿರುವಿನಲ್ಲೇ ಒಬ್ಬರು ಬೈಕ್ ನಿಲ್ಲಿಸಿ ಕೇಳುತ್ತಾರೆ, "ಏ, ಯಾರ ಮಗಳೇ ನೀನು?" ಎಂಥ ರಾಕ್ಷಸನನ್ನಾದರೂ ದಾಟಬಹುದು, ಮಲೆನಾಡಿನಲ್ಲಿ ಈ ಪ್ರಶ್ನೆಯನ್ನು ದಾಟುವುದು ಕಷ್ಟ. ನೀವು ಉತ್ತರ ಹೇಳಿ ಮುಗಿಸುವುದರೊಳಗೆ ಅಮ್ಮನಿಗೆ ಫೋನ್ ಹೋಗಿರುತ್ತದೆ.

ಆದರೂ ಈ ಕೋಟೆಗೆ ಒಂದು ಬಿರುಕು ಇದೆ: ಮಧ್ಯಾಹ್ನದ ಊಟವಾದ ಮೇಲಿನ ಎರಡು ಗಂಟೆ. ಅದರಲ್ಲೂ ಹಬ್ಬದ ದಿನ ಪಾಯಸ ಹೋಳಿಗೆ ಉಂಡ ಮೇಲೆ ಜಗಲಿಯಿಂದ ಹಿಡಿದು ನಡುಮನೆಯವರೆಗೆ ಎಲ್ಲ ಮಲಗುತ್ತಾರೆ. ನಾಯಿಯೂ ಮಲಗುತ್ತದೆ. ಹೊರಡುವುದು ಆಗಲೇ. ಸಂಜೆ ಕಾಫಿಗೆ ವಾಪಸ್ ಬರಬೇಕಲ್ಲ ಎನ್ನುವವರು ನಾರ್ನಿಯಾ ಬರೆದ ಸಿ.ಎಸ್. ಲೂಯಿಸ್ ಅವರ ವ್ಯವಸ್ಥೆಯನ್ನು ಅಭ್ಯಾಸ ಮಾಡಬೇಕು. ಅಲ್ಲಿ ಮಕ್ಕಳು ಬೀರುವಿನೊಳಗಿನಿಂದ ಹೋಗಿ, ವರ್ಷಾನುಗಟ್ಟಲೆ ರಾಜ್ಯ ಆಳಿ, ದೊಡ್ಡವರೂ ಆಗಿ, ಹೊರಗೆ ಬಂದು ನೋಡಿದರೆ ಹೋದ ಗಳಿಗೆಯೇ ಇನ್ನೂ ಕಳೆದಿಲ್ಲ. ಕೂಡುಕುಟುಂಬಕ್ಕೆ ಇದಕ್ಕಿಂತ ಹೊಂದುವ ಮಂತ್ರ ಇನ್ನೊಂದಿಲ್ಲ. ಇಂಗ್ಲೆಂಡಿನಲ್ಲಿ ಕೂತು ಹೇಗೆ ಇದನ್ನು ಹೊಳೆಯಿಸಿಕೊಂಡರೋ!

ಮಾಯೆ: ಒತ್ತಡ ಮತ್ತು ಸುರಕ್ಷತೆ

ಮಾಯೆಗೆ ಕಾನೂನು ಇರತಕ್ಕದ್ದು. ಕಾನೂನು ಚಿಕ್ಕದಿರಬೇಕು. ಮುರಿದರೆ ಏನಾಗುತ್ತದೆಂದು ಮೊದಲೇ ಹೇಳಿರಬೇಕು.

ಈ ಮೂರರಲ್ಲೂ ಪೂರ್ತಿ ಅಂಕ ತೆಗೆದವನು ಬೇತಾಳ. ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ, ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ. ಅಷ್ಟೇ ಕಾನೂನು. 1949ರಲ್ಲಿ ಕನ್ನಡದಲ್ಲಿ ಶುರುವಾದ 'ಚಂದಮಾಮ' ಈ ಎರಡು ಸಾಲಿನ ಮೇಲೆ ದಶಕಗಟ್ಟಲೆ ಕಥೆ ನಡೆಸಿತು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಶಂಕರ್ ಬರೆದ ಆ ಒಂದು ಚಿತ್ರ ನೋಡಿದರೆ ಸಾಕು, ಓದುಗನಿಗೆ ನಿಯಮಾವಳಿ ಮತ್ತೆ ಓದಿಸಬೇಕಾಗಿಲ್ಲ. ಹಾಗೆಯೇ ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಇಟ್ಟ ರಾಕ್ಷಸ. ಗಿಳಿಯ ರೆಕ್ಕೆ ಮುರಿದರೆ ಅವನ ಕೈ ಬೀಳುತ್ತದೆ, ಕಾಲು ಮುರಿದರೆ ಕಾಲು. ಹ್ಯಾರಿ ಪಾಟರ್‌ನ ವೈರಿ ವೋಲ್ಡೆಮಾರ್ಟ್ ತನ್ನ ಪ್ರಾಣವನ್ನು ಚೂರು ಮಾಡಿ ಅಲ್ಲಲ್ಲಿ ಬಚ್ಚಿಟ್ಟದ್ದನ್ನು ನಾನು ಅಜ್ಜಿಗೆ ಬಹಳ ಉತ್ಸಾಹದಿಂದ ಹೇಳಿದೆ. "ಗಿಳಿ ಎಷ್ಟು?" ಎಂದು ಕೇಳಿದರು.

ಆ ಸರಣಿ ಬರೆದ ರೌಲಿಂಗ್ ಅವರ ಮೇಲೆ ನನಗಿರುವ ದೂರು ಅದಲ್ಲ, ಟೈಮ್ ಟರ್ನರ್. ಕಾಲವನ್ನು ಹಿಂದಕ್ಕೆ ತಿರುಗಿಸುವ ಸಾಧನವನ್ನು ಮೂರನೇ ಪುಸ್ತಕದಲ್ಲಿ ಒಬ್ಬ ಹುಡುಗಿಗೆ ಕೊಡುತ್ತಾರೆ, ಯಾತಕ್ಕೆ? ಒಂದೇ ಹೊತ್ತಿನಲ್ಲಿರುವ ಎರಡು ಕ್ಲಾಸಿಗೆ ಹಾಜರಾಗುವುದಕ್ಕೆ. (ಇದನ್ನು ನಮ್ಮಲ್ಲಿ ಯಾವ ಅಪ್ಪ ಅಮ್ಮನಿಗೂ ತೋರಿಸಬೇಡಿ, ಟ್ಯೂಷನ್ ಎರಡಾಗುತ್ತದೆ.) ಕಥೆಯ ಕೊನೆಗೆ ಅದರಿಂದ ಎರಡು ಜೀವ ಉಳಿಯುತ್ತದೆ, ಬಹಳ ಚೆನ್ನಾಗಿದೆ. ಆದರೆ ಅಲ್ಲಿಂದ ಮುಂದೆ ಯಾರು ಸತ್ತರೂ ನಮ್ಮದು ಒಂದೇ ಪ್ರಶ್ನೆ: ಹಿಂದಕ್ಕೆ ಹೋಗಿ ಉಳಿಸಬಹುದಲ್ಲ? ಕಡೆಗೆ 2003ರ ಐದನೇ ಪುಸ್ತಕದಲ್ಲಿ ಮಾಯಾ ಸಚಿವಾಲಯದೊಳಗೆ ಹೊಡೆದಾಟವಾಗಿ ಅವನ್ನಿಟ್ಟಿದ್ದ ಕಪಾಟೇ ಪುಡಿಯಾಗುತ್ತದೆ. ಅದು ಜಗಳದಲ್ಲಿ ಒಡೆದದ್ದಲ್ಲ, ರಿಪೇರಿ ಕೆಲಸ. ಟೋಲ್ಕೀನರ ಹದ್ದುಗಳ ಕಥೆಯೂ ಇದೇ. ಕೊನೆಗೆ ಹಾರಿ ಬಂದು ಕಾಪಾಡುವವು ಮೊದಲೇ ಉಂಗುರ ಹೊತ್ತುಕೊಂಡು ಹೋಗಬಾರದಿತ್ತೇ ಎಂದು ಜಗತ್ತಿನ ಮಕ್ಕಳೆಲ್ಲ ಕೇಳಿಯಾಗಿದೆ. ಹದ್ದು ಬೇಕೇ ಬೇಕಾದರೆ ಅದಕ್ಕೂ ಒಂದು ಷರತ್ತು ಹಾಕಿಡಿ, ಮಳೆ ಬಂದರೆ ಹಾರುವುದಿಲ್ಲ ಅಂತಲೋ ಏನೋ.

ಊಟ

ಪ್ರತಿ ಎರಡು ಅಧ್ಯಾಯಕ್ಕೊಮ್ಮೆ. ಏನು ತಿಂದರು ಎಂದು ಹೆಸರು ಹಿಡಿದು ಬರೆಯಿರಿ. ಬ್ಲೈಟನ್ ಪುಸ್ತಕ ಮುಚ್ಚಿದ ಮೇಲೆ ಕಳ್ಳಸಾಗಣೆದಾರನ ಹೆಸರು ಮರೆತುಹೋಗುತ್ತದೆ, ಜಿಂಜರ್ ಬಿಯರ್ ಮರೆಯುವುದಿಲ್ಲ. 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್' ಪುಸ್ತಕದಲ್ಲಿ ಎಡ್ಮಂಡ್ ಎಂಬ ಹುಡುಗ ಟರ್ಕಿಶ್ ಡಿಲೈಟ್ ಆಸೆಗೆ ಒಡಹುಟ್ಟಿದವರನ್ನೇ ಮಾಟಗಾತಿಗೆ ಒಪ್ಪಿಸಲು ಹೊರಡುತ್ತಾನೆ. ಎಂಥ ಹೊಟ್ಟೆಬಾಕ ಅಂತ ನಾನು ಬೈದುಕೊಂಡಿದ್ದೆ. ಆದರೆ ಆ ಪುಸ್ತಕ ಬಂದದ್ದು 1950ರಲ್ಲಿ, ಬ್ರಿಟನ್ನಿನಲ್ಲಿ ಸಿಹಿತಿಂಡಿಗೆ ರೇಷನ್ ತೆಗೆದದ್ದು 1953ರ ಫೆಬ್ರವರಿಯಲ್ಲಿ. ಅದನ್ನು ಮೊದಲು ಓದಿದ ಮಕ್ಕಳೆಲ್ಲ ಲೆಕ್ಕ ಹಾಕಿ ಮಿಠಾಯಿ ತಿನ್ನುತ್ತಿದ್ದವರು. ಅವರು ಎಡ್ಮಂಡನನ್ನು ಬೈದಿರಲಾರರು.

ಪ್ರಾಣಿಗಳು

ದ್ವೀಪದಲ್ಲಿ ಯಾವ ಪ್ರಾಣಿ ಇರಬಹುದು ಎಂದು ವಿಚಾರಿಸಿ ಬಿಡತಕ್ಕದ್ದು. ಯೋಹಾನ್ ಡೇವಿಡ್ ವಿಸ್ ಎಂಬ ಸ್ವಿಸ್ ಪಾದ್ರಿ ತಮ್ಮ ನಾಲ್ಕು ಗಂಡುಮಕ್ಕಳಿಗಾಗಿ ಬರೆದ 'ದಿ ಸ್ವಿಸ್ ಫ್ಯಾಮಿಲಿ ರಾಬಿನ್ಸನ್' 1812ರಲ್ಲಿ ಅಚ್ಚಾಯಿತು. ಅವರ ಒಂದೇ ದ್ವೀಪದಲ್ಲಿ ಪೆಂಗ್ವಿನ್, ಕಾಂಗರೂ, ಉಷ್ಟ್ರಪಕ್ಷಿ, ಹೆಬ್ಬಾವು ಎಲ್ಲ ಇವೆ. ಪ್ರತಿ ಪ್ರಾಣಿ ಕಂಡಾಗಲೂ ಅಪ್ಪ ನಿಂತು ಪಾಠ ಮಾಡುತ್ತಾರೆ, ಪಾಠ ಮುಗಿದ ಮೇಲೆ ಗುಂಡು. ಅದನ್ನು ಪ್ರೀತಿಸಿ ಓದಿದವರಿದ್ದಾರೆ, ನಾನಲ್ಲ.

ಇದಕ್ಕೆ ಮದ್ದು ದೊಡ್ಡವರ ಕಪಾಟಿನಲ್ಲಿದೆ, ತೇಜಸ್ವಿಯವರ 'ಕರ್ವಾಲೊ', 1980ರದ್ದು. ಮಕ್ಕಳ ಪುಸ್ತಕ ಅಂತ ಎಲ್ಲೂ ಬರೆದಿಲ್ಲ, ಅದರಿಂದಲೇ ಇಷ್ಟು ಚೆನ್ನಾಗಿರಬೇಕು. ಡ್ರ್ಯಾಗನ್ ಇಲ್ಲ, ಹಾರುವ ಓತಿ ಇದೆ. ಮಂದಣ್ಣ ಇದ್ದಾನೆ, ಬಿರಿಯಾನಿ ಕರಿಯಪ್ಪ ಇದ್ದಾನೆ, ಕಿವಿ ಎಂಬ ನಾಯಿ ಇದೆ. (ಬ್ಲೈಟನ್ನರ ಟಿಮ್ಮಿಗಿಂತ ಕಿವಿ ಮೇಲು. ಟಿಮ್ಮಿ ಬಹಳ ವಿಧೇಯ.) ಕೊನೆ ಹೇಳುವುದಿಲ್ಲ. ಆ ಓತಿ ಕಲ್ಪನೆಯದ್ದಲ್ಲ, ಪಶ್ಚಿಮ ಘಟ್ಟದಲ್ಲಿ ಇದೆ, ಅಡಿಕೆ ಮರದಿಂದ ಅಡಿಕೆ ಮರಕ್ಕೆ ತೇಲುತ್ತದೆ. ಪುಸ್ತಕ ಓದಿದ ಮೇಲೆ ತೋಟಕ್ಕೆ ಹೋದರೆ ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತೀರಿ. ಡ್ರ್ಯಾಗನ್ ಪುಸ್ತಕಗಳಲ್ಲಿ ಈ ಸೌಲಭ್ಯ ಇಲ್ಲ.

ಬೇರೆಯವರ ಊರಿಗೆ ಹೋಗುವಾಗ

ನಿಧಿ ಅಗೆಯುವ ಮುಂಚೆ ಅಲ್ಲಿ ಯಾರು ವಾಸವಾಗಿದ್ದಾರೆ ಎಂದು ನೋಡಿ. ಜಿ.ಎ. ಹೆಂಟಿ ಎಂಬುವರು ಇಂಗ್ಲಿಷ್ ಹುಡುಗರಿಗಾಗಿ ಸಾಲುಸಾಲು ಯುದ್ಧದ ಕಾದಂಬರಿ ಬರೆದವರು. 1890ರ ದಶಕದಲ್ಲಿ ಬಂದ ಅವರ 'ದಿ ಟೈಗರ್ ಆಫ್ ಮೈಸೂರ್' ಪುಸ್ತಕದಲ್ಲಿ ಒಬ್ಬ ಹುಡುಗ ಸೆರೆಯಲ್ಲಿರುವ ಅಪ್ಪನನ್ನು ಹುಡುಕಿಕೊಂಡು ಟಿಪ್ಪುವಿನ ರಾಜ್ಯಕ್ಕೆ ಬರುತ್ತಾನೆ. ಕಥೆಗೆ ಓಟವಿದೆ, ಒಪ್ಪುತ್ತೇನೆ. ಆದರೆ ನಮ್ಮ ಊರುಗಳೆಲ್ಲ ಅವನು ಕುದುರೆ ಓಡಿಸುವ ದಾರಿ, ಅಷ್ಟೇ.

ಫ್ರಾನ್ಸಿನ ಜೂಲ್ಸ್ ವರ್ನ್ ಬೇರೆ ಥರ. 1870ರಲ್ಲಿ ಪುಸ್ತಕವಾದ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ' ಪೂರ್ತಿ ಓದಿದರೂ ಜಲಾಂತರ್ಗಾಮಿಯ ಕ್ಯಾಪ್ಟನ್ ನೀಮೋ ಯಾವ ದೇಶದವನೆಂದು ತಿಳಿಯುವುದಿಲ್ಲ. ಅವನನ್ನು ಪೋಲೆಂಡಿನವನನ್ನಾಗಿ ಮಾಡುವ ಆಸೆ ವರ್ನ್‌ಗಿತ್ತು, ರಷ್ಯದಲ್ಲಿ ಪುಸ್ತಕ ಮಾರಬೇಕಾದ ಪ್ರಕಾಶಕರು ಬೇಡವೆಂದರು. ಗುಟ್ಟು ಬಿಚ್ಚಿದ್ದು 1875ರ 'ದಿ ಮಿಸ್ಟೀರಿಯಸ್ ಐಲ್ಯಾಂಡ್' ಕೊನೆಯಲ್ಲಿ: ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರಲ್ಲಿ ಇಂಗ್ಲಿಷರ ಮೇಲೆ ಕಾದಾಡಿದವನು, ಟಿಪ್ಪು ಸುಲ್ತಾನನ ಸೋದರಳಿಯ. ಅಲ್ಲಿಗೆ ಬಂದಾಗ ನಾನು ಪುಸ್ತಕ ಕೆಳಗಿಟ್ಟು ಮನೆಯವರೆಲ್ಲರಿಗೂ ಹೇಳಿ ಬಂದೆ. ಸಮುದ್ರದ ತಳದಲ್ಲಿ ಆರ್ಗನ್ ನುಡಿಸುತ್ತ ಕೂತವನಿಗೆ ಶ್ರೀರಂಗಪಟ್ಟಣದಲ್ಲಿ ನೆಂಟರಿದ್ದರು! ಇಂಥ ನೆಂಟಸ್ತಿಕೆಯನ್ನು ಫ್ರಾನ್ಸಿನಲ್ಲಿ ಕೂತವರು ಕಟ್ಟಬೇಕಾಯಿತಲ್ಲ, ನೀವೆಲ್ಲ ಏನು ಮಾಡುತ್ತಿದ್ದಿರಿ?

ನೀತಿ

(ಈ ಭಾಗವನ್ನು ಖಾಲಿ ಬಿಡತಕ್ಕದ್ದು.)

ಸರಣಿ ಮತ್ತು ಖರೀದಿ

ಒಂದನೇ ಭಾಗವಿಲ್ಲದೆ ಮೂರನೆಯದನ್ನು ಉಡುಗೊರೆ ಕೊಡಬಾರದು. ಕೊಟ್ಟ ವಾರಕ್ಕೇ "ಏನು ಕಲಿತೆ ಪುಟ್ಟಿ?" ಎಂದು ಕೇಳಬಾರದು. ನಾರ್ನಿಯಾದ ಏಳು ಪುಸ್ತಕ ಕೊಡುವವರು ಇನ್ನೊಂದು ವಿಷಯ ತಿಳಿದಿರಬೇಕು. ಜಗತ್ತು ಹುಟ್ಟಿದ ಕಥೆ 'ದಿ ಮೆಜಿಶಿಯನ್ಸ್ ನೆಫ್ಯೂ' ಹೊರಬಂದದ್ದು ಆರನೆಯದಾಗಿ, 1955ರಲ್ಲಿ. ಮೊದಲು ಯಾವುದನ್ನು ಓದಬೇಕು ಎಂದು ಅಮೆರಿಕದ ಒಬ್ಬ ಹುಡುಗನಿಗೂ ಅವನ ಅಮ್ಮನಿಗೂ ವಾದವಾಗಿ, ಹುಡುಗ ಲೂಯಿಸರಿಗೇ ಕಾಗದ ಬರೆದ. 1957ರಲ್ಲಿ ಉತ್ತರ ಬಂತು: ನಿನ್ನ ಕಡೆಗೇ ನನ್ನ ಒಲವು, ಆದರೆ ಯಾವ ಕ್ರಮದಲ್ಲಿ ಓದಿದರೂ ದೊಡ್ಡ ವ್ಯತ್ಯಾಸವೇನಿಲ್ಲವೇನೋ ಎಂಬರ್ಥದಲ್ಲಿ. ಈಗ ಅಂಗಡಿಯಲ್ಲಿ ಸಿಗುವ ಪ್ರತಿಗಳ ಮೇಲೆ ಆ ಆರನೆಯದಕ್ಕೇ ಒಂದು ಎಂದು ಅಂಕಿ ಹಾಕಿದೆ.

ಹೊರಬಂದ ಕ್ರಮದಲ್ಲೇ ಓದಬೇಕೆಂದ ಆ ಅಮ್ಮ ಹೇಳಿದ್ದೇ ಸರಿ. ಹಿಮದ ಕಾಡಿನ ನಡುವೆ ಒಂದು ಬೀದಿದೀಪ ಒಂಟಿಯಾಗಿ ಉರಿಯುತ್ತಿರುತ್ತದೆ, ಯಾಕೆ ಎಂದು ಗೊತ್ತಿಲ್ಲದೆ ಅದರ ಮುಂದೆ ನಿಲ್ಲಬೇಕು. ಆ ಕಂಬ ಬಂದದ್ದು ಹೇಗೆಂದು ಮೊದಲೇ ಓದಿಕೊಂಡು ಹೋದವರಿಗೆ ಅದು ಬರೀ ಕಂಬ. ಲೂಯಿಸ್ ಆ ಹುಡುಗನ ಮನಸ್ಸು ನೋಯಿಸಬಾರದು ಎಂದು ಒಪ್ಪಿಕೊಂಡಿರಬೇಕು, ನೀವು ಅಂಥದ್ದನ್ನು ಮಾಡಬೇಡಿ.

ಸ್ಥಳ: ಸಿದ್ಧವಿದೆ, ತಕ್ಷಣ ಬಳಸಬಹುದು

ಕನ್ನಡದ ಸಾಹಸಗಳು ಇನ್ನೂ ಎಷ್ಟು ಕಾಲ ಹೆಸರಿಲ್ಲದ 'ಒಂದಾನೊಂದು ರಾಜ್ಯ'ದಲ್ಲೇ ನಡೆಯಬೇಕು? ನಮ್ಮ ತಾಲ್ಲೂಕಿನಲ್ಲೇ ನೀರೊಳಗೆ ಒಂದು ಅಣೆಕಟ್ಟು ಇದೆ. ನೀರು ತಡೆಯುವ ಅಣೆಕಟ್ಟು ನೀರಿನಡಿ ಇರುವುದು, ಇದನ್ನು ಕಲ್ಪಿಸಿ ಬರೆದರೆ ಅತಿಯಾಯಿತು ಎನ್ನುತ್ತಿದ್ದಿರಿ. ಶರಾವತಿಗೆ ಮೊದಲು ಕಟ್ಟಿದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ಅದೂ ಸುತ್ತಲಿನ ಊರುಗಳೂ ಮುಳುಗಿದವು. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ ಹಳೇ ಅಣೆಕಟ್ಟು ಸೈಫನ್‌ಗಳ ಸಮೇತ ಎದ್ದು ನಿಲ್ಲುತ್ತದೆ, ಮಳೆ ಹಿಡಿದರೆ ಮತ್ತೆ ಒಳಗೆ. ಕಥೆಗೆ ಬೇಕಾದ ಗಡುವನ್ನು ಹೊಳೆಯೇ ಕೊಟ್ಟಿದೆ, ನೀವು ಗಡಿಯಾರ ಟಿಕ್ ಟಿಕ್ ಎನ್ನಿಸಬೇಕಾಗಿಲ್ಲ.

ಈ ಮುಳುಗಡೆಯನ್ನು ಬರೆದವರು ನಮ್ಮೂರಲ್ಲೇ ಇದ್ದ ನಾ. ಡಿಸೋಜ. ಅವರ 'ಮುಳುಗಡೆಯ ಊರಿಗೆ ಬಂದವರು' ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅವರಾದ ಮೇಲೆ ಆ ಕಡೆ ಹೋಗುವವರು ಕೆಲವನ್ನು ಗಮನಿಸಬೇಕು. ಹಿನ್ನೀರು ದಾಟಿಸುವ ಸಿಗಂದೂರಿನ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಗಿದೆ, ಕಡೇ ಲಾಂಚ್ ತಪ್ಪಿ ರಾತ್ರಿಯಿಡೀ ದಡದಲ್ಲಿ ಸಿಕ್ಕಿಬೀಳುವ ದೃಶ್ಯ ಬೇಕಿದ್ದರೆ ಕಥೆಯನ್ನು ಅದಕ್ಕೂ ಹಿಂದಿನ ಬೇಸಿಗೆಗೆ ಹಾಕಿ. ನೀರಿನಡಿ ನಿಧಿ ಇಡುವುದಾದರೆ ಅದಕ್ಕೆ ವಾರಸುದಾರರಿರುತ್ತಾರೆ, ಮನೆ ಬಿಟ್ಟು ಎದ್ದು ಬಂದವರ ಮೊಮ್ಮಕ್ಕಳು ನನ್ನ ಕ್ಲಾಸಿನಲ್ಲೇ ಕೂರುತ್ತಾರೆ. ಜಿಮ್‌ನ ಅಮ್ಮನಂಥ ಒಬ್ಬರನ್ನು ಪೆಟ್ಟಿಗೆ ತೆರೆಯುವ ಹೊತ್ತಿಗೆ ಹತ್ತಿರದಲ್ಲೇ ಇಡಿ.

ಹೊರಡುವುದು ಮೇ ತಿಂಗಳ ಒಂದು ಮಧ್ಯಾಹ್ನ, ಊಟವಾದ ಮೇಲೆ. ಹುಡುಗಿಯರು ಕನಿಷ್ಠ ಇಬ್ಬರು. ಬುತ್ತಿಗೆ ಅವಲಕ್ಕಿ, ಬೆಲ್ಲ, ಕೋಡುಬಳೆ. ನಕ್ಷೆ ನನ್ನ ಹತ್ತಿರ ತಯಾರಿದೆ, ಹೊಲಿಗೆಗೆ ಸಿಗದಂತೆ ಒಂದೇ ಪುಟದಲ್ಲಿ ಬರೆದಿದ್ದೇನೆ. ನಾಯಿಗೂ ಹೆಸರಿಟ್ಟಾಗಿದೆ, ಅದನ್ನು ಬದಲಿಸುವಂತಿಲ್ಲ. ಹಸ್ತಪ್ರತಿಯನ್ನು ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕಳಿಸಿ, ಅದಕ್ಕಿಂತ ಮೊದಲು ಬಂದರೆ ಅಮ್ಮ ಬೀರುವಿನೊಳಗೆ ಇಟ್ಟುಬಿಡುತ್ತಾರೆ.